ಉಪ್ಪಾಗೆಯ ಸಾರವೂ ಯಕೃತ್ತಿನ ಮೇದಸ್ಸೂ



ಸ್ಥೂಲಕಾಯದ ಫಲವಾಗಿ ಯಕೃತ್ತಿನಲ್ಲಿ ಮೇದಸ್ಸು ಸಂಚಯವಾಗಿದೆಯೆಂದು ವೈದ್ಯರು ತಿಳಿಸಿದ ಮೇಲೆ, ಶಿರಸಿಯ ಬಂಧುಗಳ ಮಾತಿನಂತೆ ಉಪ್ಪಾಗೆಯ ಸಾರದ ಮಾತ್ರೆಗಳನ್ನು ಸೇವಿಸಬಹುದೆ ಎಂದು ಕೇಳಿರುವಿರಿ. ದಯಮಾಡಿ ಸೇವಿಸಬೇಡಿ.

ಸಹ್ಯಾದ್ರಿಯ ಕಾಡುಗಳಲ್ಲಿ ಬೆಳೆಯುವ ಈ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವುಂಟು. ಶರ್ಕರವು ಮೇದಸ್ಸಾಗಿ ಪರಿಣಮಿಸಲು ಬೇಕಾದ ಒಂದು ಕಿಣ್ವದ ವ್ಯಾಪಾರವನ್ನು ಅದು ತಡೆಯುವುದೆಂಬುದು ಪ್ರಯೋಗಶಾಲೆಯಲ್ಲಿ ಸಿದ್ಧವಾದುದರಿಂದಲೇ ಅದಕ್ಕೆ ತೂಕವನ್ನು ಇಳಿಸುವುದೆಂಬ ಕೀರ್ತಿ ಬಂದಿತು. ಆದರೆ 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, 135 ಮಂದಿಯನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ದಿನಂಪ್ರತಿ 1500 ಮಿಲಿಗ್ರಾಂ ಆಮ್ಲವನ್ನೂ ಮತ್ತೊಂದಕ್ಕೆ ಔಷಧರಹಿತವಾದ ತೋರಿಕೆಯ ಗುಳಿಗೆಯನ್ನೂ 12 ವಾರ ಕೊಟ್ಟು ನೋಡಿದಾಗ, ತೂಕದ ಇಳಿತದಲ್ಲಿ ಗಣನೀಯವಾದ ಅಂತರವೇನೂ ಕಾಣಲಿಲ್ಲ. ಅದಕ್ಕಿಂತಲೂ ನನ್ನನ್ನು ಕಳವಳಗೊಳಿಸುವುದೇನೆಂದರೆ, ಇಂತಹ ಮಾತ್ರೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೇ ತೀವ್ರವಾದ ಹಾನಿಯೊದಗಿ, ವಿರಳವಾಗಿ ಬೇರೆ ಯಕೃತ್ತನ್ನು ಜೋಡಿಸಬೇಕಾದ ಪ್ರಸಂಗಗಳೂ ವರದಿಯಾಗಿವೆ. ಯಾವ ಅಂಗವನ್ನು ರಕ್ಷಿಸಬೇಕೆಂದು ನೀವು ಹವಣಿಸುತ್ತಿರುವಿರೋ ಆ ಅಂಗವನ್ನೇ ಅಪಾಯಕ್ಕೆ ಒಡ್ಡುವುದು ಯುಕ್ತವಲ್ಲ. (ಸಾರಿನ ಹುಳಿಗಾಗಿ ಹಾಕುವ ಒಂದೆರಡು ಒಣಸಿಪ್ಪೆಗಳ ಮಾತು ಬೇರೆ, ಅದನ್ನು ಬಿಡಬೇಕಾಗಿಲ್ಲ.)

ದೇಹದ ತೂಕದಲ್ಲಿ ಶೇಕಡಾ 7ರಿಂದ 10ರಷ್ಟು ನಿಧಾನವಾಗಿ ಇಳಿದರೆ ಯಕೃತ್ತಿನ ಮೇದಸ್ಸೂ ಉರಿಯೂತವೂ ತಗ್ಗುವುದು ಬಹುಮಟ್ಟಿಗೆ ಖಚಿತ. ಅನ್ನದ ಪ್ರಮಾಣವನ್ನು ತಗ್ಗಿಸಿ, ಸಿಹಿಪಾನೀಯಗಳನ್ನು ವರ್ಜಿಸಿ, ನಿತ್ಯವೂ ಚುರುಕಾಗಿ ನಡೆಯಿರಿ. ಮಧುಮೇಹಕ್ಕೆ ಔಷಧ ಸೇವಿಸುತ್ತಿದ್ದರೆ ಅದನ್ನು ಸ್ವೇಚ್ಛೆಯಿಂದ ನಿಲ್ಲಿಸಬೇಡಿ. ಮಾತ್ರೆಯನ್ನು ಈಗಾಗಲೇ ಆರಂಭಿಸಿದ್ದರೆ ಇಂದೇ ಬಿಟ್ಟು, ಅದರ ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಕಣ್ಣು ಹಳದಿಯಾದರೆ ಅಥವಾ ಮೂತ್ರ ಕಪ್ಪಿಟ್ಟರೆ ಒಂದು ದಿನವೂ ತಡಮಾಡದೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.