ತೆರಿಗೆಯೂ ನ್ಯಾಯವೂ

ಮೈಸೂರಿನ ವಿದ್ಯಾರಣ್ಯಪುರಂ ಬಡಾವಣೆಯ ಅಂಗಡಿ ಬೀದಿಯಲ್ಲಿ ವ್ಯಾಪಾರ ಮಾಡುವ ವರ್ತಕನು ನಗರಪಾಲಿಕೆಗೆ ಶುಲ್ಕವನ್ನು, ಸರ್ಕಾರಕ್ಕೆ ತೆರಿಗೆಯನ್ನು ಸಲ್ಲಿಸುತ್ತಾನೆ. ಎಷ್ಟು ಸಲ್ಲಿಸಬೇಕೆಂಬುದು ವ್ಯಾಪಾರದ ಬಗೆಯನ್ನೂ ವರಮಾನವನ್ನೂ ಅವಲಂಬಿಸಿದೆಯೇ ಹೊರತು, ಆತನು ಹುಟ್ಟಿದ ನಾಡನ್ನಾಗಲಿ ಆತನ ಮೈಬಣ್ಣವನ್ನಾಗಲಿ ಅಲ್ಲ. ಮೈಸೂರಿನಲ್ಲಿಯೇ ಹುಟ್ಟಿ ಬೆಳೆದವನಿಗೂ ರಾಜಸ್ಥಾನದಿಂದ ಬಂದು ನೆಲೆಸಿದವನಿಗೂ ನಿಯಮ ಒಂದೇ. ಇಂದು ಇದು ತೀರ ಸಹಜವೆಂದು ತೋರುತ್ತದೆ. ಆದರೆ ಹುಟ್ಟನ್ನೇ ಕಾರಣವಾಗಿಟ್ಟುಕೊಂಡು ಕೆಲವರ ಮೇಲೆ ಪ್ರತ್ಯೇಕ ತೆರಿಗೆಯನ್ನು ಹೇರಿದ ಸರ್ಕಾರಗಳು ಒಂದು ಕಾಲದಲ್ಲಿ ಇದ್ದವು. ಅಂತಹ ತೆರಿಗೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲನ್ನೇರಿದವರಲ್ಲಿ ಕೆನಡಾ ದೇಶದಲ್ಲಿ ನೆಲೆಸಿದ್ದ ಚೀನೀ ವರ್ತಕರು ಪ್ರಮುಖರು.

ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಫ್ರೇಸರ್ ಎಂಬ ನದಿಯುಂಟು. ಅದರ ಕಣಿವೆಯಲ್ಲಿ ಚಿನ್ನ ದೊರೆಯುವುದೆಂಬ ಸುದ್ದಿಯು 1858ರಲ್ಲಿ ಎಲ್ಲೆಡೆಯೂ ಹಬ್ಬಿತು. ಅದೇ ವರ್ಷ ಬ್ರಿಟಿಷರು ಅಲ್ಲಿ ಬ್ರಿಟಿಷ್ ಕೊಲಂಬಿಯ ಎಂಬ ವಸಾಹತನ್ನು ಸ್ಥಾಪಿಸಿದರು. ಚಿನ್ನವನ್ನರಸಿ ಬಂದ ಸಾವಿರಾರು ಮಂದಿಯಲ್ಲಿ ಚೀನೀಯರೂ ಇದ್ದರು. ಮೊದಲು ಕ್ಯಾಲಿಫೋರ್ನಿಯದಿಂದಲೂ ಅನಂತರ ದಕ್ಷಿಣ ಚೀನಾದಿಂದಲೂ ಅವರು ಬಂದರು. ಕಾಲಕ್ರಮದಲ್ಲಿ ಅವರಲ್ಲಿ ಕೆಲವರು ಅಡುಗೆಯವರಾದರು. ಕೆಲವರು ತರಕಾರಿ ಬೆಳೆದು ಮಾರಿದರು. ಕೆಲವರು ಬಟ್ಟೆ ಒಗೆಯುವ ಅಂಗಡಿಗಳನ್ನು ತೆರೆದರು. ರಾಜಧಾನಿಯಾದ ವಿಕ್ಟೋರಿಯ ನಗರದಲ್ಲಿ ಚೀನೀ ವರ್ತಕರ ಮಳಿಗೆಗಳೂ ತಲೆಯೆತ್ತಿದವು.

1871ರಲ್ಲಿ ಈ ವಸಾಹತು ಕೆನಡಾ ಒಕ್ಕೂಟವನ್ನು ಸೇರಿ ಅದರ ಒಂದು ಪ್ರಾಂತವಾಯಿತು. ಚೀನೀಯರು ಕಡಮೆ ಕೂಲಿಗೆ ದುಡಿದು ತಮ್ಮ ಕೆಲಸವನ್ನು ಕಸಿದುಕೊಳ್ಳುವರೆಂಬ ಅಸಮಾಧಾನ ಬಿಳಿಯರಲ್ಲಿ ಬೆಳೆದಿತ್ತು. ಪ್ರಾಂತದ ಶಾಸನಸಭೆಯು ಮೊದಲು ಚೀನೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಬಳಿಕ 1878ರಲ್ಲಿ ಒಂದು ತೆರಿಗೆ ಕಾಯಿದೆಯನ್ನು ಅಂಗೀಕರಿಸಿತು. ಹನ್ನೆರಡು ವರ್ಷ ಮೀರಿದ ಪ್ರತಿಯೊಬ್ಬ ಚೀನೀಯನೂ ಮೂರು ತಿಂಗಳಿಗೊಮ್ಮೆ 10 ಡಾಲರ್ ಕೊಟ್ಟು ಪರವಾನಗಿಯನ್ನು ಪಡೆಯಬೇಕೆಂಬುದೇ ಆ ಕಾಯಿದೆ. ಎಂದರೆ ವರ್ಷಕ್ಕೆ 40 ಡಾಲರ್! ಕೂಲಿಯನ್ನೇ ನೆಚ್ಚಿ ಬದುಕುವವನಿಗೆ ಇದು ಹೊರಲಾರದ ಹೊರೆ. ಹಣ ಕೊಡದವರ ಸರಕನ್ನು ಜಪ್ತಿ ಮಾಡಿ ಮಾರುವ ಅಧಿಕಾರವನ್ನೂ ಕಾಯಿದೆ ನೀಡಿತ್ತು. ಇತರ ನಿವಾಸಿಗಳಿಗೆ ಇಂತಹ ತೆರಿಗೆ ಇರಲಿಲ್ಲ.

ಮತವಿಲ್ಲದವರು ಶಾಸನಸಭೆಯಲ್ಲಿ ತಮ್ಮ ಅಳಲನ್ನು ಹೇಳಿಕೊಳ್ಳುವ ಬಗೆ ಹೇಗೆ? ವಿಕ್ಟೋರಿಯ ನಗರದ ಚೀನೀಯರು ಎರಡು ದಾರಿಗಳನ್ನು ಹಿಡಿದರು. ಮೊದಲನೆಯದು ಮುಷ್ಕರ. ಸೆಪ್ಟೆಂಬರ್ ತಿಂಗಳಿನಲ್ಲಿ ಅಡುಗೆಯವರು, ಮನೆಗೆಲಸದವರು, ತರಕಾರಿ ಮಾರುವವರು, ಬಟ್ಟೆ ಒಗೆಯುವವರು ಎಲ್ಲರೂ ಕೆಲವು ದಿನ ಕೆಲಸವನ್ನು ನಿಲ್ಲಿಸಿದರು. ತಾವು ಬೇಡವೆಂದವರ ದುಡಿಮೆಯ ಬೆಲೆಯೇನೆಂಬುದು ಆಗ ನಗರದ ಮನೆಮನೆಗೂ ತಿಳಿಯಿತು.

ಎರಡನೆಯ ದಾರಿ ನ್ಯಾಯಾಲಯದ್ದು. ತಾಯ್ ಸಿಂಗ್ ಎಂಬ ವರ್ತಕನ ಸರಕನ್ನು ತೆರಿಗೆಗಾಗಿ ಜಪ್ತಿ ಮಾಡಲಾಗಿತ್ತು. ಅದನ್ನು ಮಾರದಂತೆ ತಡೆಯಾಜ್ಞೆ ನೀಡಬೇಕೆಂದು ವಸೂಲಿ ಅಧಿಕಾರಿಯಾದ ಮ್ಯಾಗ್ವೈರ್ ಎಂಬವನ ವಿರುದ್ಧ ದಾವೆ ಹೂಡಲಾಯಿತು. ಪ್ರಾಂತದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಾನ್ ಹ್ಯಾಮಿಲ್ಟನ್ ಗ್ರೇ ಅವರು ಮೊಕದ್ದಮೆಯನ್ನು ವಿಚಾರಿಸಿದರು. ಅವರು ಕೆನಡಾ ಒಕ್ಕೂಟದ ನಿರ್ಮಾಪಕರಲ್ಲಿ ಒಬ್ಬರು. ಕಾಯಿದೆಯ ಹೆಸರನ್ನಷ್ಟೇ ನೋಡಿ ಅವರು ತೃಪ್ತರಾಗಲಿಲ್ಲ. ಅದರ ಉದ್ದೇಶವೇನೆಂದು ಪರಿಶೀಲಿಸಿದರು. ಬೊಕ್ಕಸಕ್ಕೆ ಹಣ ತುಂಬುವುದು ಈ ಕಾಯಿದೆಯ ಗುರಿಯಲ್ಲ. ಬದುಕನ್ನು ದುರ್ಭರಗೊಳಿಸಿ ಚೀನೀಯರನ್ನು ನಾಡಿನಿಂದ ಹೊರದೂಡುವುದೇ ಗುರಿ ಎಂದು ಅವರು ಕಂಡುಕೊಂಡರು. ವಿದೇಶೀಯರ ವಿಷಯವೂ ವ್ಯಾಪಾರದ ನಿಯಂತ್ರಣವೂ ಒಕ್ಕೂಟ ಸರ್ಕಾರಕ್ಕೆ ಸೇರಿದವು. ಆದುದರಿಂದ ಪ್ರಾಂತದ ಸಭೆಯು ತನ್ನ ಅಧಿಕಾರವನ್ನು ಮೀರಿದೆ, ಕಾಯಿದೆ ಅಸಿಂಧು ಎಂದು ತೀರ್ಪಿತ್ತರು. ಬಳಿಕ ಒಕ್ಕೂಟ ಸರ್ಕಾರವೂ ಆ ಕಾಯಿದೆಯನ್ನು ರದ್ದುಗೊಳಿಸಿತು.

ಇಂತಹ ಗೆಲುವು ಇದೇ ಮೊದಲನೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಚೀನೀಯರ ಮೇಲೆ ತಿಂಗಳಿಗೆ ಎರಡೂವರೆ ಡಾಲರ್ ತೆರಿಗೆ ಹಾಕಿದಾಗ ಲಿನ್ ಸಿಂಗ್ ಎಂಬವನು ದಾವೆ ಹೂಡಿ 1862ರಲ್ಲಿ ಗೆದ್ದಿದ್ದನು. ಬ್ರಿಟಿಷ್ ಕೊಲಂಬಿಯದ ಶಾಸನಸಭೆಯಾದರೋ ಪಾಠ ಕಲಿಯಲಿಲ್ಲ. 1884ರಲ್ಲಿ ಚೀನೀಯರ ಮೇಲೆ ವರ್ಷಕ್ಕೆ 10 ಡಾಲರ್ ತೆರಿಗೆಯನ್ನು ಮತ್ತೆ ಹೇರಿತು. ವಿಂಗ್ ಚಾಂಗ್ ಎಂಬವನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕ್ರೀಸ್ ಅವರು 1885ರಲ್ಲಿ ಅದನ್ನೂ ತಳ್ಳಿಹಾಕಿದರು.

ಆದರೆ ಈ ತೀರ್ಪುಗಳಲ್ಲಿ ಒಂದು ಕೊರತೆ ಉಳಿದಿತ್ತು. ಪ್ರಾಂತಕ್ಕೆ ಅಧಿಕಾರವಿಲ್ಲ ಎಂಬುದೇ ಅವುಗಳ ಮುಖ್ಯ ಆಧಾರವಾಗಿತ್ತು. ಅಧಿಕಾರವುಳ್ಳ ಒಕ್ಕೂಟ ಸರ್ಕಾರವೇ ಅನ್ಯಾಯಕ್ಕೆ ಮುಂದಾದರೆ ತಡೆಯುವವರಾರು? ಹಾಗೆಯೇ ಆಯಿತು. 1881ರಿಂದ 1885ರವರೆಗೆ ಕೆನಡಾದ ಪೆಸಿಫಿಕ್ ರೈಲುಮಾರ್ಗದ ಪಶ್ಚಿಮ ಭಾಗದಲ್ಲಿ ಸುಮಾರು 15,000 ಚೀನೀ ಕೂಲಿಕಾರರು ಬಂಡೆ ಸೀಳಿ ಹಳಿ ಹಾಸಿದರು. ನೂರಾರು ಜನ ಪ್ರಾಣ ತೆತ್ತರು. ಕೆಲಸ ಮುಗಿಯುತ್ತ ಬಂದ 1885ರಲ್ಲಿಯೇ ಒಕ್ಕೂಟ ಸರ್ಕಾರವು ದೇಶಕ್ಕೆ ಬರುವ ಚೀನೀಯರ ಮೇಲೆ 50 ಡಾಲರ್ ತಲೆಗಂದಾಯವನ್ನು ವಿಧಿಸಿತು. ಅದು 1900ರ ಕಾಯಿದೆಯಿಂದ 100 ಡಾಲರಿಗೂ 1903ರ ಕಾಯಿದೆಯಿಂದ 500 ಡಾಲರಿಗೂ ಏರಿತು. ವರ್ತಕರಿಗೆ ವಿನಾಯಿತಿಯಿತ್ತು, ಹೊರೆಯೆಲ್ಲ ಬಿದ್ದುದು ಬಡ ಕೂಲಿಕಾರರ ಮೇಲೆ. ಹೆಂಡತಿ ಮಕ್ಕಳನ್ನು ಕರೆತರಲು ಹಣವಿಲ್ಲದೆ ಅನೇಕರು ವರ್ಷಗಟ್ಟಲೆ ಒಂಟಿಯಾಗಿಯೇ ಬಾಳಿದರು. 1923ರಲ್ಲಿ ಚೀನೀಯರ ಆಗಮನವನ್ನೇ ಬಹುಮಟ್ಟಿಗೆ ನಿಲ್ಲಿಸಲಾಯಿತು. ಆ ಕಾಯಿದೆ ರದ್ದಾದುದು 1947ರಲ್ಲಿ.

ಇಂತಹ ನೋವನ್ನು ಭಾರತೀಯರೂ ಉಂಡಿದ್ದಾರೆ. ದಕ್ಷಿಣ ಆಫ್ರಿಕದ ನೇಟಾಲ್ ವಸಾಹತಿನ ಸರ್ಕಾರವು, ಕರಾರಿನ ಅವಧಿ ಮುಗಿದ ಮೇಲೂ ಅಲ್ಲಿಯೇ ನೆಲೆಸಬಯಸುವ ಭಾರತೀಯ ಕೂಲಿಕಾರರು ವರ್ಷಕ್ಕೆ 3 ಪೌಂಡು ತೆರಬೇಕೆಂದು 1895ರಲ್ಲಿ ಕಾಯಿದೆ ಮಾಡಿತು. ಗಾಂಧೀಜಿಯವರ ನಾಯಕತ್ವದಲ್ಲಿ 1913ರಲ್ಲಿ ನಡೆದ ಸತ್ಯಾಗ್ರಹದ ಫಲವಾಗಿ ಮರುವರ್ಷ ಆ ತೆರಿಗೆ ರದ್ದಾಯಿತು.

ಕೆನಡಾದ ತಲೆಗಂದಾಯದ ಗಾಯವು ಬಹುಕಾಲ ಮಾಯಲಿಲ್ಲ. ತೆತ್ತ ಹಣಕ್ಕೆ ಪರಿಹಾರ ಕೋರಿ ಹೂಡಿದ ದಾವೆಯನ್ನು ಒಂಟಾರಿಯೊ ಪ್ರಾಂತದ ನ್ಯಾಯಾಲಯವು 2001ರಲ್ಲಿ ತಳ್ಳಿಹಾಕಿತು. ಕೊನೆಗೆ 2006ರ ಜೂನ್ 22ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಅವರು ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಆ ವೇಳೆಗೆ ತೆರಿಗೆ ತೆತ್ತವರಲ್ಲಿ ಬದುಕುಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ.

ಭಾರತದ ಸಂವಿಧಾನವು ಇಂತಹ ಅನ್ಯಾಯಕ್ಕೆ ಎಡೆಗೊಟ್ಟಿಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದೆಂದು ಅದರ 265ನೆಯ ವಿಧಿ ಹೇಳುತ್ತದೆ. ಆದರೆ ಕಾನೂನೇ ಪಕ್ಷಪಾತಿಯಾದರೆ? ಅದಕ್ಕೆ 14ನೆಯ ವಿಧಿಯೇ ಉತ್ತರ. ಕಾನೂನಿನ ಮುಂದೆ ಸಮಾನತೆಯನ್ನು ಅದು ನಾಗರಿಕರಿಗೆ ಮಾತ್ರವಲ್ಲದೆ, ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ನೀಡಿದೆ. ಹೆಚ್ಚು ಗಳಿಸುವವನು ಹೆಚ್ಚು ತೆರಿಗೆ ಕೊಡುವುದು ಸಮಾನತೆಗೆ ವಿರುದ್ಧವಲ್ಲ; ಹುಟ್ಟಿಗಾಗಿ ಹೆಚ್ಚು ತೆರುವುದು ವಿರುದ್ಧ. ತಾಯ್ ಸಿಂಗನ ದಾವೆಯು ಒಬ್ಬ ವರ್ತಕನ ಸರಕಿಗಾಗಿ ನಡೆದುದಾದರೂ, ಅದು ಎತ್ತಿದ ಪ್ರಶ್ನೆ ಎಲ್ಲ ಕಾಲಕ್ಕೂ ಸಲ್ಲುವಂಥದು: ಈ ಕಾನೂನು ಯಾರಿಗಾಗಿ, ಯಾತಕ್ಕಾಗಿ?

ಶಬ್ದಾರ್ಥ

ಜಪ್ತಿ – ಮುಟ್ಟುಗೋಲು. ಅಸಿಂಧು – ಕಾನೂನಿನಂತೆ ಊರ್ಜಿತವಲ್ಲದ. ದುರ್ಭರ – ಹೊರಲಾಗದ, ಸಹಿಸಲಾಗದ. ತಲೆಗಂದಾಯ – ಆಳೊಂದಕ್ಕೆ ಇಷ್ಟೆಂದು ಹಾಕುವ ತೆರಿಗೆ

ಅಭ್ಯಾಸ

1. 1878ರ ಕಾಯಿದೆಯನ್ನು ವಿರೋಧಿಸಲು ಚೀನೀಯರು ಹಿಡಿದ ಎರಡು ದಾರಿಗಳು ಯಾವುವು?
2. ನ್ಯಾಯಮೂರ್ತಿ ಗ್ರೇ ಅವರು ಕಾಯಿದೆಯನ್ನು ಅಸಿಂಧುವೆಂದು ಸಾರಲು ಕಾರಣವೇನು?
3. ನ್ಯಾಯಾಲಯದಲ್ಲಿ ಗೆದ್ದರೂ ಚೀನೀಯರು ತಲೆಗಂದಾಯದಿಂದ ಪಾರಾಗಲಿಲ್ಲವೇಕೆ? ವಿವರಿಸಿರಿ.