ಕುಸ್ತಿ ಪಟ್ಟಿ ಓದುವ ಬಗೆ: ಸೋತವರ ಹೆಸರು ಹೊಡೆಯುವ ಮುನ್ನ

ಹಳಿಯಾಳ ಸೀಮೆಯಲ್ಲಿ ಕುಸ್ತಿ ಪಂದ್ಯಾವಳಿ ನಡೆಯುವಾಗ, ತೂಕ ಮುಗಿದು ಜೋಡಿಗಳ ಪಟ್ಟಿ ಹೊರಬಿದ್ದ ಕೂಡಲೇ ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು ಯಾರು ಗೆಲ್ಲಬಹುದೆಂದು ಗುರುತು ಹಾಕುತ್ತ ಕೂರುವ ಪ್ರೇಕ್ಷಕರಿಗೆ ಕೊರತೆಯಿಲ್ಲ. ಆ ಗುರುತುಗಳಲ್ಲಿ ಚಿನ್ನದ ಊಹೆ ಅಷ್ಟಿಷ್ಟು ಸರಿಯಾದರೂ ಕಂಚಿನ ಊಹೆ ಬಹುಮಟ್ಟಿಗೆ ದಾರಿ ತಪ್ಪುತ್ತದೆ, ಏಕೆಂದರೆ ಸೋತವರ ಹೆಸರಿನ ಮೇಲೆ ಗೆರೆ ಎಳೆದು ಮುಂದೆ ಸಾಗುವ ಕಬಡ್ಡಿ, ವಾಲಿಬಾಲ್ ನಾಕೌಟ್‌ನ ಅಭ್ಯಾಸವನ್ನೇ ಜನ ಕುಸ್ತಿಗೂ ತರುತ್ತಾರೆ.

ಹಳಿಯಾಳದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕುಸ್ತಿ ಕ್ರೀಡಾ ವಸತಿನಿಲಯವಿದೆ. ತಾಲ್ಲೂಕಿನ ಹುಡುಗ ಹುಡುಗಿಯರು, ಅವರಲ್ಲಿ ಸಿದ್ದಿ ಸಮುದಾಯದ ಯುವತಿಯರೂ, ರಾಜ್ಯ ಮತ್ತು ರಾಷ್ಟ್ರ ಮಟ್ಟದ ಕಣಕ್ಕೆ ಇಳಿದಿದ್ದಾರೆ. ಇಲ್ಲಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ, ಹಳಿಯಾಳದ ಎಂಜಿನಿಯರಿಂಗ್ ಕಾಲೇಜು ವಿಟಿಯುಗೂ ಸೇರಿರುವುದರಿಂದ ಅಂತರ ಕಾಲೇಜು ಕೂಟಗಳೂ ಇಲ್ಲಿನವರಿಗೆ ಹೊಸವಲ್ಲ. ಇವುಗಳ ಇತಿಹಾಸ ಪ್ರತ್ಯೇಕ ಲೇಖನದ ವಸ್ತುವಾದ್ದರಿಂದ ನೇರವಾಗಿ ಪಟ್ಟಿ ಓದುವ ಕ್ರಮಕ್ಕೆ ಬರುವುದು ಒಳ್ಳೆಯದು.

ಮೊದಲು ತಿಳಿಯಬೇಕಾದದ್ದು ಕುಸ್ತಿಯ ಬಗೆ. ಜಾತ್ರೆಗಳಲ್ಲಿ ನಡೆಯುವ ಜಂಗಿ ನಿಕಾಲಿ ಕುಸ್ತಿಯಲ್ಲಿ, ಅಂದರೆ ಒಬ್ಬರು ಬೆನ್ನು ನೆಲಕ್ಕೆ ತಾಗಿ ಚಿತ್ ಆಗುವವರೆಗೂ ಮಣ್ಣಿನ ಕಣದಲ್ಲಿ ನಡೆಯುವ ಕಾಳಗದಲ್ಲಿ, ಸಂಘಟಕರು ಮತ್ತು ಗರಡಿಯ ಗುರುಗಳಾದ ವಸ್ತಾದರು ಮುಂಚಿತವಾಗಿಯೇ ಸರಿಸಾಟಿ ಜೋಡಿಗಳನ್ನು ಕಟ್ಟಿರುತ್ತಾರೆ. ಅಲ್ಲಿ ಗೆದ್ದವರು ಮುಂದಿನ ಸುತ್ತಿಗೆ ಹೋಗುವ ಪ್ರಶ್ನೆಯೇ ಇಲ್ಲದಿರುವುದರಿಂದ ಈ ಲೇಖನದ ಲೆಕ್ಕಾಚಾರ ಅದಕ್ಕೆ ಅನ್ವಯಿಸುವುದಿಲ್ಲ. ಮ್ಯಾಟ್ ಮೇಲೆ ತೂಕದ ವಿಭಾಗಗಳಲ್ಲಿ ನಡೆಯುವ ಪಂದ್ಯಾವಳಿಗೆ ಮಾತ್ರ ಪಟ್ಟಿ ಇರುತ್ತದೆ. ಅಲ್ಲಿಯೂ ಒಂದು ವಿಭಾಗದಲ್ಲಿ ಐವರು ಅಥವಾ ಅದಕ್ಕಿಂತ ಕಡಿಮೆ ಪಟುಗಳಿದ್ದರೆ, ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಾಕೌಟ್ ಬದಲು ನಾರ್ಡಿಕ್ ಪದ್ಧತಿ, ಅಂದರೆ ಪ್ರತಿಯೊಬ್ಬರೂ ಉಳಿದೆಲ್ಲರೊಡನೆ ಸೆಣಸುವ ಪದ್ಧತಿ, ಜಾರಿಗೆ ಬರುತ್ತದೆ. ಕಾಲೇಜು ಕೂಟಗಳ ಹೆಚ್ಚು ತೂಕದ ವಿಭಾಗಗಳಲ್ಲಿ ಹೆಸರುಗಳು ಕಡಿಮೆ ಇರುವುದು ಸಹಜವಾದ್ದರಿಂದ, ಅಲ್ಲಿ ಗೆರೆ ಎಳೆದು ಮರದಾಕಾರದ ಪಟ್ಟಿ ಬರೆಯಲು ಹೊರಡುವುದು ವ್ಯರ್ಥ ಶ್ರಮ.

ಎರಡನೆಯದಾಗಿ, ತೂಕ ನೋಡುವ ಕೆಲಸ ಮುಗಿಯುವವರೆಗೆ ಯಾವ ಊಹೆಯನ್ನೂ ಮಾಡಬಾರದು. ಹೆಸರು ನೋಂದಾಯಿಸಿದವರೆಲ್ಲ ತೂಕದಲ್ಲಿ ಉಳಿಯುವುದಿಲ್ಲ. ಕೆಲವು ಪಂದ್ಯಾವಳಿಗಳಲ್ಲಿ 2 ಕೆ.ಜಿ. ವಿನಾಯಿತಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಎರಡು ದಿನ ನಡೆಯುವ ವಿಭಾಗದಲ್ಲಿ ಫೈನಲ್ ಮತ್ತು ಕಂಚಿನ ಹಂತ ತಲುಪಿದವರು ಎರಡನೆಯ ದಿನ ಬೆಳಿಗ್ಗೆಯೂ ತಕ್ಕಡಿ ಏರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 50 ಕೆ.ಜಿ. ವಿಭಾಗದಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿದ ಮರುದಿನ ಸುಮಾರು 100 ಗ್ರಾಂ ಹೆಚ್ಚು ತೂಗಿದ್ದರಿಂದ ಅನರ್ಹಗೊಂಡದ್ದನ್ನು ಓದುಗರು ಮರೆತಿರಲಾರರು.

ಮೂರನೆಯ ಕೆಲಸ ಎಣಿಕೆ. ಪಟ್ಟಿಗೆ ಹೊಂದುವ ಸಂಖ್ಯೆಗಳು 8, 16, 32 ಇತ್ಯಾದಿ. ಒಂದು ವಿಭಾಗದಲ್ಲಿ 22 ಪಟುಗಳಿದ್ದರೆ 16ಕ್ಕಿಂತ ಹೆಚ್ಚಿರುವ ಆರು ಜನರನ್ನು ಕಡಿಮೆ ಮಾಡಲು ಆರು ಅರ್ಹತಾ ಪಂದ್ಯಗಳು ಬೇಕಾಗುತ್ತವೆ. ಅವುಗಳಲ್ಲಿ ಚೀಟಿ ಎತ್ತಿದಾಗ ಕೊನೆಯ ಸಂಖ್ಯೆಗಳು ಬಂದ 12 ಜನ ಸೆಣಸುತ್ತಾರೆ, ಉಳಿದ ಹತ್ತು ಜನ ನೇರವಾಗಿ 16ರ ಘಟ್ಟ ಸೇರುತ್ತಾರೆ. ಹೀಗಾಗಿ 3ನೇ ಸಂಖ್ಯೆಯವರು ಚಿನ್ನಕ್ಕೆ ನಾಲ್ಕು ಪಂದ್ಯ ಗೆದ್ದರೆ ಸಾಕು, 15ನೇ ಸಂಖ್ಯೆಯವರು ಐದು ಗೆಲ್ಲಬೇಕು. ಈ ಒಂದು ಪಂದ್ಯದ ಬೆಲೆ ಸಣ್ಣದಲ್ಲ. ಪ್ರತಿ ಪಂದ್ಯದಲ್ಲೂ ಹತ್ತಕ್ಕೆ ಏಳು ಪಾಲು ಗೆಲ್ಲುವ ಬಲವುಳ್ಳ ಪಟು ನಾಲ್ಕನ್ನೂ ಗೆಲ್ಲುವ ಸಾಧ್ಯತೆ ಶೇ 24. ಐದನ್ನೂ ಗೆಲ್ಲುವ ಸಾಧ್ಯತೆ ಶೇ 17ಕ್ಕಿಂತ ಕಡಿಮೆ. ಎಲ್ಲರಿಗಿಂತ ಬಲಶಾಲಿಯೆಂದು ಒಪ್ಪಿಕೊಂಡವರೂ ನಾಲ್ಕು ಪಂದ್ಯಾವಳಿಗಳಲ್ಲಿ ಒಂದನ್ನಷ್ಟೇ ಗೆಲ್ಲುತ್ತಾರೆ ಎಂಬ ಈ ಅಂಕಿಯನ್ನು ನೆನಪಿಟ್ಟುಕೊಂಡರೆ ‘ನಮ್ಮ ಪೈಲ್ವಾನನೇ ಗೆಲ್ಲೋದು, ಬರೆದಿಡಿ’ ಎನ್ನುವ ಮಾತು ತಾನಾಗಿ ಮೆತ್ತಗಾಗುತ್ತದೆ.

ಸಂಖ್ಯೆಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಪಟ್ಟಿ ತುಂಬುವ ವಿಧಾನಗಳನ್ನು ಮೊಬೈಲಿನಲ್ಲಿ ನೋಡಿ ಇಲ್ಲಿಗೆ ಅನ್ವಯಿಸುವ ಯುವಕರಿದ್ದಾರೆ. ಅಲ್ಲಿ ತಂಡಗಳ ಪಟ್ಟಿಯನ್ನು ಸಮಿತಿಯೊಂದು ಬಲಾಬಲ ತೂಗಿ ರಚಿಸುತ್ತದೆ. ಪ್ರತಿ ವಲಯದ ಮೊದಲ ಶ್ರೇಯಾಂಕದ ತಂಡಕ್ಕೆ ಹದಿನಾರನೆಯದು ಎದುರಾಗುತ್ತದೆ, ಆದ್ದರಿಂದ ಸಂಖ್ಯೆಯೇ ಅರ್ಧ ಭವಿಷ್ಯ ಹೇಳುತ್ತದೆ. ಅಂಥ ಕಡೆಯೂ 2018ರಲ್ಲಿ ಹದಿನಾರನೇ ಶ್ರೇಯಾಂಕದ ಯುಎಂಬಿಸಿ ತಂಡ ಮೊದಲ ಶ್ರೇಯಾಂಕದ ವರ್ಜೀನಿಯಾವನ್ನು 74–54ರಿಂದ ಸೋಲಿಸಿತು. ಪುರುಷರ ಕೂಟದಲ್ಲಿ ಅದಕ್ಕೆ ಮೊದಲು ನಡೆದ ಇಂಥ 135 ಪಂದ್ಯಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಇಲ್ಲಿನ ಕುಸ್ತಿ ಕೂಟಗಳಲ್ಲಾದರೋ ಸಂಖ್ಯೆ ಬರುವುದು ಸಾಮಾನ್ಯವಾಗಿ ಚೀಟಿ ಎತ್ತುವುದರಿಂದ, ಹಾಗೂ 1ನೇ ಸಂಖ್ಯೆಯವರು 2ನೆಯವರೊಡನೆ, 3ನೆಯವರು 4ನೆಯವರೊಡನೆ ಎಂಬ ಸರದಿಯಲ್ಲಿ ಜೋಡಿಗಳು ಬೀಳುತ್ತವೆ. ಮೊದಲ ಸಾಲಿನ ಹೆಸರಿಗೂ ಬಲಕ್ಕೂ ಸಂಬಂಧವಿಲ್ಲ. ಇಬ್ಬರು ಅತಿ ಬಲಿಷ್ಠರು ಮೊದಲ ಸುತ್ತಿನಲ್ಲೇ ಎದುರಾಗಬಹುದು.

ನಾಲ್ಕನೆಯದು ಬಲಾಬಲದ ಹೋಲಿಕೆ. ಗರಡಿಯ ಖ್ಯಾತಿಯನ್ನು ಮ್ಯಾಟ್‌ಗೆ ಹಾಗೆಯೇ ವರ್ಗಾಯಿಸುವುದು ಈ ಭಾಗದ ಪ್ರೇಕ್ಷಕರ ಹಳೆಯ ರೂಢಿ. ಮಣ್ಣಿನಲ್ಲಿ ಚಿತ್ ಒಂದೇ ನಿರ್ಣಾಯಕ. ಎದುರಾಳಿಯನ್ನು ದಣಿಸಿ, ಸಮಯ ನೋಡಿ ಡಾವ್ ಹಾಕುವ ತಾಳ್ಮೆಗೆ ಅಲ್ಲಿ ಫಲವುಂಟು. ಮ್ಯಾಟ್‌ನಲ್ಲಿ ಹಿರಿಯರ ಪಂದ್ಯಕ್ಕೆ ಇರುವುದು ಮೂರು ಮೂರು ನಿಮಿಷಗಳ ಎರಡು ಅವಧಿ, ನಡುವೆ 30 ಸೆಕೆಂಡು ವಿರಾಮ. ಕೆಳಗೆ ಬೀಳಿಸಿ ಹಿಂದಿನಿಂದ ಹಿಡಿತ ಸಾಧಿಸಿದರೆ 2 ಅಂಕ, ನಿಂತಲ್ಲಿಂದ ಎತ್ತಿ ಬೆನ್ನಿನತ್ತ ಕೆಡವಿದರೆ 4, ಎದುರಾಳಿ ಗಡಿ ದಾಟಿ ಹೊರಗೆ ಕಾಲಿಟ್ಟರೆ 1. ಫ್ರೀಸ್ಟೈಲ್‌ನಲ್ಲಿ 10 ಅಂಕಗಳ ಮುನ್ನಡೆ ಬಂದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಸೆಣಸಾಟದ ಜಾಗ ಒಂಬತ್ತು ಮೀಟರ್ ವ್ಯಾಸದ ವೃತ್ತ. ಅದರ ಅಂಚಿನ ಒಂದು ಮೀಟರ್ ಪಟ್ಟೆ ಬೇರೆ ಬಣ್ಣದ್ದು. ಮಣ್ಣಿನಲ್ಲಿ ಪಳಗಿದ ದೊಡ್ಡ ಪೈಲ್ವಾನರು ಹಿಂದೆ ಸರಿಯುತ್ತ ಪಟ್ಟು ಹುಡುಕುವಾಗ ಈ ಪಟ್ಟೆಯ ಮೇಲೆ ಹಿಮ್ಮಡಿ ಇಟ್ಟು, ಮರುಕ್ಷಣ ಹೊರಗೆ ಜಾರಿ, ಒಂದೊಂದೇ ಅಂಕ ಕಳೆದುಕೊಳ್ಳುವುದನ್ನು ಗಮನಿಸಿದವರು ಅವರ ಹೆಸರನ್ನು ಫೈನಲ್‌ಗೆ ಬರೆಯುವ ಮುನ್ನ ಎರಡು ಬಾರಿ ಯೋಚಿಸುತ್ತಾರೆ. ಆದ್ದರಿಂದ ಬಿರುದುಗಳಿಗಿಂತ, ಅದೇ ತೂಕದಲ್ಲಿ, ಮ್ಯಾಟ್ ಮೇಲೆ, ಕಳೆದ ಒಂದು ವರ್ಷದೊಳಗೆ ಪಟು ಗೆದ್ದ ರೀತಿಯನ್ನು ನೋಡಬೇಕು. ಎರಡನೆಯ ಅವಧಿಯಲ್ಲಿ ಅಂಕ ಗಳಿಸುವವರಿಗೆ, ಒಂದೇ ದಿನದಲ್ಲಿ ಮೂರು ನಾಲ್ಕು ಪಂದ್ಯ ಮುಗಿಸುವ ಸ್ಥಳೀಯ ಕೂಟಗಳಲ್ಲಿ, ಹೆಚ್ಚು ಬೆಲೆ ಕೊಡುವುದು ಸೂಕ್ತ. ಅಂಕಗಳು ಸಮವಾದರೆ ಗೆಲುವು ಹೆಚ್ಚಿನ ಮೌಲ್ಯದ ಪಟ್ಟು ಹಾಕಿದವರಿಗೆ, ಅದೂ ಸಮವಾದರೆ ಕಡಿಮೆ ಎಚ್ಚರಿಕೆ ಪಡೆದವರಿಗೆ, ಕೊನೆಗೆ ಕಡೆಯ ಅಂಕ ಗಳಿಸಿದವರಿಗೆ.

ಇನ್ನು ರೆಪೆಚೇಜ್, ಅಂದರೆ ಸೋತವರಿಗೆ ಸಿಗುವ ಮರು ಅವಕಾಶ. ಬಾಕ್ಸಿಂಗ್‌ನಲ್ಲಿರುವಂತೆ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಸಿಗುತ್ತದೆಂದು ಬಹಳ ಜನ ನಂಬಿದ್ದಾರೆ. ಕುಸ್ತಿಯಲ್ಲಿ ಎರಡು ಕಂಚು ಇರುವುದು ನಿಜ, ಆದರೆ ಅವು ತಾವಾಗಿ ಬರುವುದಿಲ್ಲ. ಫೈನಲ್ ತಲುಪಿದ ಇಬ್ಬರಿಂದ, ಯಾವುದೇ ಸುತ್ತಿನಲ್ಲಾಗಲಿ, ಸೋತವರೆಲ್ಲ ಮರಳಿ ಕಣಕ್ಕೆ ಬರುತ್ತಾರೆ. ಬೇರೆಯವರಿಂದ ಸೋತವರು ಮನೆಗೆ ಹೋಗುತ್ತಾರೆ. ಒಂದು ಉದಾಹರಣೆಯನ್ನು ಕಾಗದದ ಮೇಲೆ ಬರೆದು ನೋಡದೆ ಇದು ತಲೆಗೆ ಹತ್ತುವುದಿಲ್ಲ.

16 ಜನರ ಪಟ್ಟಿಯ ಮೇಲರ್ಧದಲ್ಲಿ 1ರಿಂದ 8ರವರೆಗಿನ ಪಟುಗಳಿದ್ದಾರೆಂದು ಇಟ್ಟುಕೊಳ್ಳಬಹುದು. 1ನೆಯವರು ಮೊದಲು 2ನೆಯವರನ್ನು, ಎಂಟರ ಘಟ್ಟದಲ್ಲಿ 3ನೆಯವರನ್ನು, ನಾಲ್ಕರ ಘಟ್ಟದಲ್ಲಿ 5ನೆಯವರನ್ನು ಸೋಲಿಸಿ ಫೈನಲ್ ಸೇರಿದರೆ, ರೆಪೆಚೇಜ್‌ನಲ್ಲಿ 2 ಮತ್ತು 3 ಸೆಣಸಿ, ಗೆದ್ದವರು ಕಂಚಿಗಾಗಿ 5ನೆಯವರನ್ನು ಎದುರಿಸುತ್ತಾರೆ. 7ನೆಯವರು ಎಂಟರ ಘಟ್ಟದವರೆಗೆ ಬಂದು 5ನೆಯವರಿಗೆ ಸೋತಿದ್ದರೆ, ಮೊದಲ ಸುತ್ತಿನಲ್ಲೇ ಸೋತ 2ನೆಯವರಿಗಿಂತ ಮುಂದೆ ಹೋಗಿದ್ದರೂ ಅವರಿಗೆ ಅವಕಾಶವಿಲ್ಲ. ಈಗ ಸೆಮಿಫೈನಲ್‌ನ ಫಲಿತಾಂಶವೊಂದನ್ನು ಮಾತ್ರ ತಿರುಗಿಸಬೇಕು: 5ನೆಯವರು 1ನೆಯವರನ್ನು ಸೋಲಿಸಿದರೆ 2 ಮತ್ತು 3 ಒಮ್ಮೆಲೇ ಕೂಟದಿಂದ ಹೊರಗೆ, 7ನೆಯವರೂ, ಮೊದಲ ಸುತ್ತಿನಲ್ಲಿ 5ನೆಯವರಿಗೆ ಸೋತ 6ನೆಯವರೂ ಒಳಗೆ, 1ನೆಯವರು ಕಂಚಿನ ಪಂದ್ಯಕ್ಕೆ. ಒಂದೇ ಪಂದ್ಯದಿಂದ ಕಂಚಿನ ಸಾಲಿನ ಹೆಸರುಗಳೆಲ್ಲ ಅದಲು ಬದಲಾಗುತ್ತವೆ. ಆದ್ದರಿಂದಲೇ ಕಂಚಿನ ಊಹೆಯನ್ನು ಎಲ್ಲಕ್ಕಿಂತ ಕೊನೆಗೆ, ಪೆನ್ಸಿಲ್‌ನಲ್ಲಿ, ಈ ಕ್ರಮದಲ್ಲಿ ಬರೆಯಬೇಕು: ಮೊದಲು ಪ್ರತಿ ಅರ್ಧದ ಫೈನಲ್ ಸ್ಪರ್ಧಿಯನ್ನು ನಿರ್ಧರಿಸಿ, ಬಳಿಕ ಅವರು ಸಾಗಿದ ಗೆರೆಯ ಮೇಲೆ ಹಿಂದಕ್ಕೆ ಬಂದು, ಅವರಿಂದ ಸೋಲುವರೆಂದು ಊಹಿಸಿದ ಮೂವರಿಗೆ ಚುಕ್ಕಿ ಇಟ್ಟು, ಆ ಮೂವರಲ್ಲೇ ಒಬ್ಬರನ್ನು ಆರಿಸಬೇಕು. ಅರ್ಹತಾ ಸುತ್ತು ಆಡಿ ಬಂದವರು ಫೈನಲ್ ಸೇರಿದರೆ ಚುಕ್ಕಿಗಳು ನಾಲ್ಕಾಗುತ್ತವೆ.

ಇದು ಕಾಗದದ ಮೇಲಿನ ಸೂಕ್ಷ್ಮವಷ್ಟೇ ಅಲ್ಲ; ಭಾರತದ ಒಲಿಂಪಿಕ್ ಪದಕಗಳೇ ಇದಕ್ಕೆ ಸಾಕ್ಷಿ. 2008ರ ಬೀಜಿಂಗ್‌ನಲ್ಲಿ ಸುಶೀಲ್ ಕುಮಾರ್ ತಮ್ಮ ಮೊದಲ ಪಂದ್ಯವನ್ನೇ ಉಕ್ರೇನಿನ ಆಂಡ್ರಿ ಸ್ಟಾಡ್ನಿಕ್ ಎದುರು ಸೋತರು. ಸ್ಟಾಡ್ನಿಕ್ ಫೈನಲ್ ತಲುಪಿದ್ದರಿಂದ ಸುಶೀಲ್ ಮರಳಿ ಬಂದು ಮೂರು ಪಂದ್ಯ ಗೆದ್ದು ಕಂಚು ಪಡೆದರು. 2012ರಲ್ಲಿ ಯೋಗೇಶ್ವರ್ ದತ್, 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಬಂದ ದಾರಿಯೂ ಇದೇ. ಸಾಕ್ಷಿ ಎಂಟರ ಘಟ್ಟದಲ್ಲಿ ರಷ್ಯಾದ ವಲೇರಿಯಾ ಕೊಬ್ಲೊವಾಗೆ ಸೋತು, ರೆಪೆಚೇಜ್ ಗೆದ್ದು, ಕಂಚಿನ ಪಂದ್ಯದಲ್ಲಿ 0–5 ಹಿನ್ನಡೆಯಿಂದ 8–5ಕ್ಕೆ ಮೇಲೆದ್ದರು. ಪ್ಯಾರಿಸ್‌ನಲ್ಲಿ ಶ್ರೇಯಾಂಕವಿಲ್ಲದ ವಿನೇಶ್ ಮೊದಲ ಪಂದ್ಯದಲ್ಲೇ ಅಗ್ರ ಶ್ರೇಯಾಂಕದ ಜಪಾನಿನ ಯುಯಿ ಸುಸಾಕಿಯನ್ನು 3–2ರಿಂದ ಸೋಲಿಸಿದಾಗ, ಸುಸಾಕಿಯ ಹೆಸರಿಗೆ ಗೆರೆ ಎಳೆದವರು ಮರುದಿನ ಆಕೆಯ ಕೊರಳಿನಲ್ಲಿ ಕಂಚು ನೋಡಬೇಕಾಯಿತು. ವಿನೇಶ್ ಸೆಮಿಫೈನಲ್‌ನಲ್ಲಿ ಸೋತಿದ್ದರೆ ಸುಸಾಕಿಗೆ ಏನೂ ದಕ್ಕುತ್ತಿರಲಿಲ್ಲ. ಈ ಪದ್ಧತಿ ನ್ಯಾಯವೇ ಎಂಬ ಪ್ರಶ್ನೆಗೆ ಪೂರ್ತಿ ಹೌದೆನ್ನುವುದು ಕಷ್ಟ, ಮೇಲಿನ ಉದಾಹರಣೆಯ 7ನೆಯವರ ಅಳಲಿಗೆ ಅದರಲ್ಲಿ ಉತ್ತರವಿಲ್ಲ. ಆದರೂ ಚೀಟಿಯ ಆಟದಲ್ಲಿ ಬಲಿಷ್ಠರ ಎದುರು ಬೇಗ ಬಿದ್ದವರನ್ನು ಕೈಬಿಡದ ಗುಣ ಇದಕ್ಕಿದೆ. ಬಲಾಢ್ಯರೆಂದು ಖಚಿತವಿರುವವರಿಗೆ ಮೊದಲ ಸುತ್ತಿನಲ್ಲೇ ಜೋಡಿಯಾದ ಒಳ್ಳೆಯ ಪಟುವನ್ನು ಆದ್ದರಿಂದ ಕಂಚಿನ ಲೆಕ್ಕದಿಂದ ಬಿಡಬಾರದು.

ಕೆಲವು ಸ್ಥಳೀಯ ಕೂಟಗಳು ಸಮಯದ ಅಭಾವದಿಂದ ರೆಪೆಚೇಜ್ ಕೈಬಿಟ್ಟು ಸೆಮಿಫೈನಲ್‌ನಲ್ಲಿ ಸೋತವರಿಗೆ ಮೂರನೇ ಸ್ಥಾನದ ಪಂದ್ಯ ಆಡಿಸುವುದುಂಟು. ಇದನ್ನು ತೂಕದ ಹೊತ್ತಿಗೇ ಸಂಘಟಕರಲ್ಲಿ ಕೇಳಿ ತಿಳಿಯಬೇಕು. ಶೈಲಿ ಯಾವುದೆಂಬುದನ್ನೂ ನೋಡಬೇಕು: ಕಾಲು ಹಿಡಿಯುವಂತಿಲ್ಲದ ಗ್ರೀಕೊ ರೋಮನ್ ಶೈಲಿಯಲ್ಲಿ ಪಂದ್ಯ ಮುಗಿಸುವ ಮುನ್ನಡೆ 10 ಅಲ್ಲ, 8 ಅಂಕ. ಕೊನೆಯದಾಗಿ, ಊಹೆಗೆ ಹಣ ಕಟ್ಟುವವರಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅನ್ವಯಿಸುತ್ತದೆ, ಮೊಬೈಲ್ ಆ್ಯಪ್‌ಗಳ ಹಣದಾಟವನ್ನು ಸಂಸತ್ತಿನ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಪಟ್ಟಿ ತುಂಬುವ ಓದುಗರು ಪಣವನ್ನು ಗೆಳೆಯರ ನಡುವಿನ ಚಹಾಕ್ಕಿಂತ ಮೇಲೇರಿಸದಿರುವುದು ಕ್ಷೇಮ.