ಹೊಸ ಯಂತ್ರ, ಹಳೆಯ ನೌಕರ: ಹಿಂಜರಿಕೆಯ ಕಾರಣ ಮತ್ತು ಪರಿಹಾರ

ಕಚೇರಿಗೆ ಹೊಸ ಯಂತ್ರವೊಂದು ಬಂದಾಗ ನೌಕರರೆಲ್ಲರೂ ಅದನ್ನು ಒಮ್ಮೆಲೇ ಸ್ವಾಗತಿಸುವುದಿಲ್ಲ. ಕೆಲವರು ಬಹಿರಂಗವಾಗಿ ವಿರೋಧಿಸುತ್ತಾರೆ. ಹಲವರು ಮೌನವಾಗಿ ಹಳೆಯ ಪದ್ಧತಿಯನ್ನೇ ಮುಂದುವರಿಸುತ್ತಾರೆ. ಇದನ್ನು ಸೋಮಾರಿತನವೆಂದೋ ಅಜ್ಞಾನವೆಂದೋ ತಳ್ಳಿಹಾಕುವುದು ಸುಲಭ. ಆದರೆ ವಿರೋಧದ ಕಾರಣವನ್ನು ಅರಿಯದೆ ಅದನ್ನು ನಿವಾರಿಸಲು ಸಾಧ್ಯವಿಲ್ಲ. ಜಮೀನಿನ ದಾಖಲೆಗಳ ಗಣಕೀಕರಣವು ಈ ವಿಷಯದಲ್ಲಿ ಒಳ್ಳೆಯ ಪಾಠವಾಗಿದೆ.

ಮೊದಲ ಹೆಜ್ಜೆ

ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕೇಂದ್ರ ಸರ್ಕಾರದ ಯೋಜನೆ 1988-89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಅವುಗಳಲ್ಲಿ ಅಂದಿನ ಆಂಧ್ರಪ್ರದೇಶದ ರಂಗಾರೆಡ್ಡಿ ಜಿಲ್ಲೆಯೂ ಒಂದು. ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿರುವ ಮಣಿಕೊಂಡ ಈ ಜಿಲ್ಲೆಗೇ ಸೇರಿದ್ದು. ಅಂದು ಹಳ್ಳಿಯಾಗಿದ್ದ ಮಣಿಕೊಂಡದಲ್ಲಿ ಇಂದು ಬಹುಮಹಡಿ ಕಟ್ಟಡಗಳು ಎದ್ದುನಿಂತಿವೆ. ದಾಖಲೆಯ ಒಂದೊಂದು ಸಾಲಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಈ ಊರೇ ಸಾಕ್ಷಿ: ಮಣಿಕೊಂಡ ಜಾಗೀರಿನ 1,654 ಎಕರೆಗಳ ಒಡೆತನದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2022ರಲ್ಲಿ ತೀರ್ಮಾನವಾಯಿತು. ಆದರೆ ಕೇಂದ್ರದ ಯೋಜನೆ ಆರಂಭದ ವರ್ಷಗಳಲ್ಲಿ ನಿರೀಕ್ಷಿತ ವೇಗದಲ್ಲಿ ಸಾಗಲಿಲ್ಲ. ಸಿಬ್ಬಂದಿಗೆ ತರಬೇತಿಯ ಕೊರತೆ ಇದ್ದುದೂ ಅದಕ್ಕೆ ಒಂದು ಕಾರಣ. ಯಂತ್ರವನ್ನು ಒದಗಿಸಿದ ಮಾತ್ರಕ್ಕೆ ಅದರಿಂದ ಕೆಲಸ ನಡೆಯುವುದಿಲ್ಲ.

ಹಿಂಜರಿಕೆಯ ಮೂಲ

ಕರ್ನಾಟಕದಲ್ಲಿ ಪಹಣಿ ಬರೆಯುವ ಕೆಲಸ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಒಬ್ಬೊಬ್ಬರ ಸ್ವಾಧೀನದಲ್ಲಿ ಕೆಲವು ಹಳ್ಳಿಗಳ ಕಡತಗಳಿರುತ್ತಿದ್ದವು. ರೈತನು ಸಾಲಕ್ಕೆ ಅರ್ಜಿ ಹಾಕಬೇಕಾದರೂ, ಜಮೀನು ಮಾರಬೇಕಾದರೂ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಗಣಕಯಂತ್ರ ಬರುತ್ತದೆಂದಾಗ ಲೆಕ್ಕಿಗರ ಮನಸ್ಸಿನಲ್ಲಿ ಮೂರು ಬಗೆಯ ಆತಂಕ ಮೂಡುವುದು ಸಹಜ. ಮೊದಲನೆಯದು, ಕೆಲಸ ಹೋದೀತೆಂಬ ಭಯ. ಎರಡನೆಯದು, ಕಲಿಯಲಾಗದೆ ಕಿರಿಯರ ಮುಂದೆ ತಲೆತಗ್ಗಿಸಬೇಕಾದೀತೆಂಬ ಸಂಕೋಚ. ಮೂರನೆಯದು, ಕಡತದ ಮೇಲಿನ ಹಿಡಿತದೊಡನೆ ಊರಿನಲ್ಲಿದ್ದ ಅಧಿಕಾರವೂ, ಕೆಲವರಿಗೆ ಅಕ್ರಮ ಸಂಪಾದನೆಯೂ ತಪ್ಪೀತೆಂಬ ಅಸಮಾಧಾನ. ಮೂರಕ್ಕೂ ಮದ್ದು ಒಂದೇ ಅಲ್ಲ. ಭಯಕ್ಕೆ ಭರವಸೆ ಬೇಕು, ಸಂಕೋಚಕ್ಕೆ ತರಬೇತಿ ಬೇಕು, ಸ್ವಾರ್ಥಕ್ಕೆ ದೃಢವಾದ ನಿಯಮ ಬೇಕು.

'ಭೂಮಿ' ಯೋಜನೆಯ ಅನುಭವ

ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಈ ಮೂರನ್ನೂ ಕಾಣಬಹುದು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್.ಐ.ಸಿ. ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಗ್ರಾಮ ಲೆಕ್ಕಿಗರಿಗೆ ರಾಜ್ಯದಾದ್ಯಂತ ಕಾರ್ಯಾಗಾರಗಳನ್ನು ನಡೆಸಲಾಯಿತು. ಮುದ್ರಿತ ಪ್ರತಿಗಳನ್ನು ಅವರಿಂದಲೇ ಪರಿಶೀಲಿಸಿ ತಿದ್ದಿಸಲಾಯಿತು. ಹೀಗೆ ಅವರ ತಿಳಿವಳಿಕೆಯೇ ಹೊಸ ವ್ಯವಸ್ಥೆಗೆ ಅಡಿಪಾಯವಾಯಿತು. ತಾಲ್ಲೂಕು ಕಚೇರಿಗಳ ಕೇಂದ್ರಗಳನ್ನು ನಡೆಸಲು ಹೊಸದಾಗಿ ನೇಮಕಗೊಂಡ ಯುವ ಗ್ರಾಮ ಲೆಕ್ಕಿಗರನ್ನು ಆರಿಸಿ ತರಬೇತಿ ನೀಡಲಾಯಿತು.

ಇದರೊಡನೆ ನಿಯಮವೂ ಬಿಗಿಯಾಯಿತು. ಕೈಬರಹದ ಪಹಣಿಯ ವಿತರಣೆಯನ್ನು ನಿಲ್ಲಿಸಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕಾಯಿತು. ಯಾವ ನಮೂದನ್ನು ಯಾರು ಮಾಡಿದರೆಂಬುದು ಬೆರಳಿನ ಗುರುತಿನ ಮೂಲಕ ದಾಖಲಾಗತೊಡಗಿತು. ಆರಂಭದಲ್ಲಿ ರೈತನು 15 ರೂಪಾಯಿ ಕೊಟ್ಟು ಪಹಣಿಯನ್ನು ಪಡೆಯುವಂತಾಯಿತು. ಹಳೆಯ ದಾರಿ ಮುಚ್ಚಿದುದರಿಂದ ಎರಡು ಪದ್ಧತಿಗಳ ನಡುವೆ ತೂಗಾಡುವ ಅವಕಾಶ ಉಳಿಯಲಿಲ್ಲ.

ಒಪ್ಪಂದದ ದಾರಿ

ಮಾತುಕತೆಯ ಮೂಲಕ ಯಂತ್ರವನ್ನು ಬರಮಾಡಿಕೊಂಡ ಪರಂಪರೆಯೂ ನಮ್ಮ ದೇಶದಲ್ಲಿದೆ. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಮೂರು ತತ್ತ್ವಗಳನ್ನು ಒಪ್ಪಿಕೊಂಡಿತು: ಇರುವ ನೌಕರರನ್ನು ಕೆಲಸದಿಂದ ತೆಗೆಯಬಾರದು, ಲಾಭವನ್ನು ನ್ಯಾಯವಾಗಿ ಹಂಚಿಕೊಳ್ಳಬೇಕು, ಕೆಲಸದ ಹೊರೆಯನ್ನು ಸರಿಯಾಗಿ ಅಳೆಯಬೇಕು. ಬ್ಯಾಂಕುಗಳಲ್ಲಿ 1983 ಮತ್ತು 1993ರಲ್ಲಿ ಆಡಳಿತ ವರ್ಗ ಹಾಗೂ ನೌಕರರ ಸಂಘಗಳ ನಡುವೆ ಗಣಕೀಕರಣದ ಬಗ್ಗೆ ಒಪ್ಪಂದಗಳಾದವು. ಯಂತ್ರಗಳ ಬಳಕೆ ಮತ್ತು ಅವುಗಳನ್ನು ನಡೆಸುವವರಿಗೆ ಸಲ್ಲಬೇಕಾದ ವಿಶೇಷ ಭತ್ಯೆ ಮೊದಲಾದ ವಿಷಯಗಳು ಚರ್ಚೆಯಿಂದಲೇ ನಿರ್ಧಾರವಾದವು. ಅಂದು ಹೆಜ್ಜೆ ನಿಧಾನವಾಯಿತೆಂಬ ಟೀಕೆ ಇದ್ದರೂ ನೌಕರರು ಬದಲಾವಣೆಯ ಪಾಲುದಾರರಾದರು.

ಎಚ್ಚರಿಕೆಯ ಮಾತು

ಒಮ್ಮೆ ಗೆದ್ದ ವಿಶ್ವಾಸ ಶಾಶ್ವತವಲ್ಲ. ತೆಲಂಗಾಣದಲ್ಲಿ 2020ರ ಸೆಪ್ಟೆಂಬರಿನಲ್ಲಿ ಗ್ರಾಮ ಕಂದಾಯ ಅಧಿಕಾರಿಗಳ ಹುದ್ದೆಗಳನ್ನೇ ಶಾಸನದ ಮೂಲಕ ರದ್ದುಗೊಳಿಸಲಾಯಿತು. ಮರುತಿಂಗಳು 'ಧರಣಿ' ಎಂಬ ಗಣಕ ವ್ಯವಸ್ಥೆ ಜಾರಿಗೆ ಬಂದಿತು. 2025ರಲ್ಲಿ 'ಭೂ ಭಾರತಿ' ಅದರ ಸ್ಥಾನವನ್ನು ಪಡೆಯಿತು, ಗ್ರಾಮಮಟ್ಟದಲ್ಲಿ ಮತ್ತೆ ಅಧಿಕಾರಿಗಳ ನೇಮಕವಾಯಿತು. ದಾಖಲೆ ಯಂತ್ರದಲ್ಲಿದ್ದರೂ ಹೊಲದ ಬದುವನ್ನು ಬಲ್ಲವನ ಅಗತ್ಯ ತಪ್ಪುವುದಿಲ್ಲ.

ಕರ್ನಾಟಕದಲ್ಲಿಯೂ, ಗ್ರಾಮ ಲೆಕ್ಕಿಗರ ಸ್ಥಾನದಲ್ಲಿ ಈಗಿರುವ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದರು. ಸೂಕ್ತ ಸೌಲಭ್ಯಗಳನ್ನು ನೀಡದೆ ಹಲವಾರು ಮೊಬೈಲ್ ಆ್ಯಪ್‌ಗಳ ಕೆಲಸವನ್ನು ಹೊರಿಸಲಾಗಿದೆ ಎಂಬುದು ಅವರ ದೂರುಗಳಲ್ಲಿ ಮುಖ್ಯವಾಗಿತ್ತು. ಇದು ಯಂತ್ರದ ಭಯವಲ್ಲ. ದಿನಕ್ಕೆಷ್ಟು ಕೆಲಸ ಎಂಬ ಲೆಕ್ಕಾಚಾರದ ಪ್ರಶ್ನೆ. 1957ರ ಮೂರನೆಯ ತತ್ತ್ವ ಇಂದಿಗೂ ಹಳತಾಗಿಲ್ಲವೆಂಬುದನ್ನು ಇದು ನೆನಪಿಸುತ್ತದೆ.

ಆದುದರಿಂದ ಹೊಸ ಸಾಧನವನ್ನು ತರುವ ಪ್ರತಿಯೊಂದು ಕಚೇರಿಯೂ ಮೊದಲೇ ಕೆಲವು ವಿಷಯಗಳನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಯಾರ ಕೆಲಸ ಹೇಗೆ ಬದಲಾಗುತ್ತದೆ ಎಂಬುದನ್ನು ನೌಕರರಿಗೆ ಮುಂಚಿತವಾಗಿ ತಿಳಿಸಬೇಕು. ಕಲಿಯಲು ಕೆಲಸದ ವೇಳೆಯಲ್ಲಿಯೇ ಸಮಯ ನೀಡಬೇಕು. ಹೊಸ ಕೆಲಸವೊಂದನ್ನು ಕೂಡಿಸುವಾಗ ಹಳೆಯದೊಂದನ್ನು ಕಳೆಯಬೇಕು. ಅನುಭವಿಗಳ ಸಲಹೆಯನ್ನು ಯಂತ್ರ ಬರುವ ಮೊದಲೇ ಕೇಳಬೇಕು. ಇಷ್ಟನ್ನು ಪಾಲಿಸಿದ ಕಚೇರಿಯಲ್ಲಿ ಹಿಂಜರಿಕೆ ಬಹುಮಟ್ಟಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಉಳಿದುದು ಸ್ವಾರ್ಥದ ವಿರೋಧವೋ ನ್ಯಾಯವಾದ ದೂರೋ ಎಂಬುದನ್ನು ಗುರುತಿಸುವುದೂ ಸುಲಭವಾಗುತ್ತದೆ.